ಇನ್ನೊಬ್ಬರ ಕಿವಿ ತಾಗಿದ ಹೆಡ್‌ಫೋನು

ಚೆನ್ನೈನ ಸೆಕೆಯಲ್ಲಿ ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನು ಹಾಕಿಕೊಂಡವರನ್ನು ಕಂಡರೆ ನನಗೆ ಮೊದಲಿಂದಲೂ ಒಂಥರಾ ಆಗುತ್ತಿತ್ತು. ಕುಶನ್ನಿನ ಕೆಳಗೆ ಬೆವರು ಕಟ್ಟಿರುತ್ತದೆ, ತೆಗೆದರೆ ಕೆನ್ನೆಯ ಮೇಲೆ ಒದ್ದೆ ಗುರುತು. ಆದರೂ ಕೊನೆಗೆ ನನ್ನ ತಲೆಗೂ ಅದೇ ಬಂತು. ಅಲ್ಲಿಯವರೆಗೆ ನನ್ನ ಹತ್ತಿರ ಇದ್ದದ್ದು ವೈರಿನದು. ಅದು ಆಫೀಸಿನ ಕ್ಯಾಬ್‌ನ ಸೀಟ್ ಬೆಲ್ಟಿಗೆ, ಬ್ಯಾಗಿನ ಜಿಪ್ಪಿಗೆ, ಕತ್ತಿನ ಸರಕ್ಕೆ ಸಿಕ್ಕಿಕೊಂಡು ದಿನಾ ರಗಳೆ. ನನ್ನ ಗೊಣಗಾಟ ಕೇಳಿ ಸಾಕಾಗಿ ಗಂಡ, "ಈ ಕಾಲದಲ್ಲಿ ವೈರ್ ಯಾರು ಇಟ್ಕೋತಾರೆ ಮಾರಾಯ್ತಿ" ಎಂದು ವೈರ್‌ಲೆಸ್ ಒಂದನ್ನು ತಂದುಕೊಟ್ಟ.

ನಮ್ಮ ಮನೆ ಕ್ರೋಂಪೇಟೆಯಲ್ಲಿ, ಆಫೀಸು ಶೋಳಿಂಗನಲ್ಲೂರಿನಲ್ಲಿ. ಕ್ಯಾಬಿಗೆ ನನ್ನ ಜೊತೆ ನನ್ನ ಟೀಮಿನದೇ ಒಬ್ಬಳು ತಮಿಳು ಹುಡುಗಿ ಹತ್ತುತ್ತಿದ್ದಳು. ಅವಳಿಗೆ ಚೊಚ್ಚಲ ಬಸಿರು. ಪಲ್ಲಾವರಂನಲ್ಲಿ ನಮ್ಮ ಮ್ಯಾನೇಜರ್ ಹತ್ತಿ ಡ್ರೈವರ್ ಪಕ್ಕ ಕೂರುತ್ತಿದ್ದರು. ಅವರು ತುಮಕೂರಿನ ಕಡೆಯವರು, ನಾನು ಮಂಡ್ಯದವಳು. ಊರು ಬಿಟ್ಟು ಬಂದ ಕಡೆ ಕನ್ನಡ ಆಡುವವರು ಸಿಕ್ಕಿದರೆ ಸಾಕು ಅನ್ನುವ ಕಾಲ ಅದು. "ನೀವು ನಮ್ಮ ಕಡೆಯವರು ಬಿಡಿ" ಎಂದು ಅವರೂ ಎಲ್ಲರೆದುರು ಹೇಳುತ್ತಿದ್ದರು.

ಅವರ ಒಂದು ಅಭ್ಯಾಸ ಮಾತ್ರ ನನಗೆ ಸಹಿಸಲು ಆಗುತ್ತಿರಲಿಲ್ಲ. ಕ್ಯಾಬ್ ಸಿಗ್ನಲ್ಲಿನಲ್ಲಿ ನಿಂತಾಗೆಲ್ಲ ಮನೆಯ ಬೀಗದ ಕೈಯನ್ನು ಕಿವಿಗೆ ಹಾಕಿ ಕೆರೆದುಕೊಳ್ಳುವರು. ಆಚೆ ತೆಗೆದು ತುದಿಯನ್ನು ಬೆಳಕಿಗೆ ಹಿಡಿದು ನೋಡುವರು. ಆಮೇಲೆ ಸೀಟಿನ ಅಂಚಿಗೆ ಒರೆಸುವರು. ಅವರ ಹಿಂದಿನ ಸೀಟು ನನ್ನದು. ಕಣ್ಣು ಮುಚ್ಚಿದರೂ ಆ ಬೀಗದ ಕೈ ಕಾಣುತ್ತಿತ್ತು.

ಒಂದು ಬೆಳಗ್ಗೆ ಹೀಗೆ ಕೆರೆದುಕೊಂಡು ಮುಗಿಸಿದ ಮೇಲೆ ಹಿಂದಕ್ಕೆ ತಿರುಗಿದರು.

"ನಿಮ್ಮ ಹೆಡ್‌ಫೋನ್ ಸ್ವಲ್ಪ ಕೊಡ್ತೀರಾ? ಕ್ಲೈಂಟ್ ಕಾಲ್ ಇದೆ, ನಂದು ಚಾರ್ಜ್ ಇಲ್ಲ."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ತಮ್ಮ ಫೋನಿಗೆ ಜೋಡಿಸಿಕೊಂಡರು, ಆಫೀಸು ಬರುವವರೆಗೂ ಮಾತಾಡಿದರು. ವಾಪಸು ಕೈಗೆ ಬಂದಾಗ ಕುಶನ್ನು ಬಿಸಿಯಾಗಿತ್ತು. ತಲೆಗೆ ಹಾಕಿದ ಎಣ್ಣೆಯ ವಾಸನೆ, ಅಂಚಿನಲ್ಲಿ ಅಂಟಿಕೊಂಡ ಒಂದು ನರೆಗೂದಲು. ಬಾತ್‌ರೂಮಿಗೆ ಹೋಗಿ ಸ್ಯಾನಿಟೈಸರ್ ಹಾಕಿ ಹಾಕಿ ಉಜ್ಜಿದೆ. ಎಣ್ಣೆಯ ಜೊತೆ ಸ್ಯಾನಿಟೈಸರ್ ಸೇರಿ ವಾಸನೆ ಇನ್ನೂ ಕೆಟ್ಟದಾಯಿತು. ಸಂಜೆ ಮನೆಗೆ ಬಂದು ಮಗಳ ಮೂಗಿನ ಹತ್ತಿರ ಹಿಡಿದೆ. "ಐಯೇ, ನಾರುದುಮ್ಮಾ" ಎಂದು ತಮಿಳಿನಲ್ಲಿ ಮುಖ ತಿರುಗಿಸಿದಳು. ನಾರುತ್ತಿರುವುದು ನನ್ನ ಭ್ರಮೆಯಲ್ಲ ಎಂದಾಯಿತು. ರಾತ್ರಿಯೆಲ್ಲ ಬಾಲ್ಕನಿಯಲ್ಲಿ ಗಾಳಿಗೆ ಇಟ್ಟೆ.

ಮಾರನೆಯ ದಿನ ಕಿವಿಗೂ ಕುಶನ್ನಿಗೂ ನಡುವೆ ದುಪಟ್ಟಾ ಕೊಟ್ಟು ಹಾಕಿಕೊಂಡೆ. ಪಳ್ಳಿಕರಣೈ ಕಸದ ಗುಡ್ಡ ಹತ್ತಿರವಾದಾಗ ಕಿಟಕಿ ಮುಚ್ಚಿದ್ದರೂ ನಾತ ಒಳಗೆ ಬಂತು. ಪಕ್ಕದಲ್ಲಿ ಹುಡುಗಿ ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು ಹಿಡಿದು ಕೂತಿದ್ದಳು. ಅವಳು ವಾಂತಿ ಮಾಡಿಕೊಂಡಳು, ನಾನು ಬೆನ್ನು ಸವರಿದೆ. ಮ್ಯಾನೇಜರ್ ಮೂಗಿಗೆ ಕರ್ಚೀಫು ಒತ್ತಿ ಹಿಡಿದು ಕಿಟಕಿಯ ಕಡೆ ತಿರುಗಿದರು.

ಸ್ವಲ್ಪ ಹೊತ್ತಿಗೆ ನಾನು ಕೇಳುತ್ತಿದ್ದ ಹಾಡು ನಿಂತುಹೋಯಿತು. ಕಿವಿಯೊಳಗೆ ಯಾರೋ ಗಂಡಸು ಕನ್ನಡದಲ್ಲಿ ಮಾತಾಡಿದ.

"ನೀವು ಹೇಳಿದ್ದು ಸರಿ ಕಣ್ರೀ. ದಿನಾ ವಾಂತಿ ಮಾಡ್ಕೊಂಡು ಬರೋರಿಂದ ಏನ್ ಕೆಲಸ ಆಗತ್ತೆ? ಅವಳು ಹೆರಿಗೆ ರಜೆಗೆ ಹೋಗೋಕ್ ಮುಂಚೆ ಕೆಲಸ ಸರಿಯಿಲ್ಲ ಅಂತ ಎರಡು ಮೂರು ಮೇಲ್ ಹಾಕಿಟ್ಕೊಳ್ಳಿ. ತಾನಾಗೇ ಬಿಟ್ಟು ಹೋಗೋ ಹಾಗೆ ಮಾಡಿ. ನಾವು ಕಳಿಸಿದ ಹಾಗೆ ಕಾಣಬಾರದು."

ಕೊನೆಗೆ ಒಂದು ನಗು. ದನಿ ಗುರುತು ಸಿಕ್ಕಿತು. ಬೆಂಗಳೂರಿನ ಆಫೀಸಿನಲ್ಲಿ ನಮ್ಮ ಮ್ಯಾನೇಜರಿಗೂ ಮೇಲಿನವರು ಅವರು. ಮುಂದಿನ ಸೀಟು ನೋಡಿದೆ. ಮ್ಯಾನೇಜರ್ ಫೋನು ಮುಖದ ಮುಂದೆ ಹಿಡಿದು ವಾಯ್ಸ್ ಮೆಸೇಜ್ ಒತ್ತುತ್ತಿದ್ದರು. ಹಿಂದಿನ ದಿನ ಜೋಡಿಸಿಕೊಂಡ ಅವರ ಫೋನು ನನ್ನ ಹೆಡ್‌ಫೋನನ್ನು ತಾನಾಗೇ ಹುಡುಕಿಕೊಂಡಿತ್ತು. ಅವರಿಗೆ ಏನೂ ಕೇಳಿಸದೆ ಸೌಂಡ್ ಜಾಸ್ತಿ ಮಾಡಿ ಮತ್ತೆ ಒತ್ತಿದರು. ಅದೇ ಮಾತು, ಅದೇ ನಗು ನನ್ನ ಕಿವಿಯೊಳಗೆ ಇನ್ನೂ ಗಟ್ಟಿಯಾಗಿ ಬಂತು. "ಥತ್, ನೆಟ್‌ವರ್ಕೇ ಇಲ್ಲ" ಎಂದು ಫೋನನ್ನು ಜೇಬಿಗೆ ಹಾಕಿಕೊಂಡರು.

ಹೆಡ್‌ಫೋನು ಕಿತ್ತು ತೊಡೆಯ ಮೇಲೆ ಹಾಕಿಕೊಂಡೆ. ಹುಡುಗಿ ನನ್ನ ಮುಖ ನೋಡಿ ತನ್ನ ನಿಂಬೆಹಣ್ಣನ್ನು ನನ್ನ ಕಡೆ ಚಾಚಿದಳು.

ಮಧ್ಯಾಹ್ನ ಕ್ಯಾಂಟೀನಿನ ಮೂಲೆಗೆ ಅವಳನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ವಾಂತಿಯ ಮಾತೊಂದನ್ನು ಬಿಟ್ಟುಬಿಡೋಣ ಅನಿಸಿತ್ತು, ಬಿಡಲಿಲ್ಲ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. ತಟ್ಟೆಯ ಮೊಸರನ್ನ ಕಲೆಸುತ್ತಾ ತಮಿಳಿನಲ್ಲಿ ಮೆಲ್ಲಗೆ ಕೇಳಿದಳು: "ಅಕ್ಕಾ, ಹೋದ ತಿಂಗಳು ನನ್ನ ಕೆಲಸ ಚೆನ್ನಾಗಿದೆ ಅಂತ ಅವರೇ ಮೇಲ್ ಹಾಕಿದ್ದರಲ್ಲ, ಅದು ಸಾಕಾಗಲ್ವಾ?"

"ಎಲ್ಲಾ ತೆಗೆದಿಟ್ಕೋ" ಎಂದೆ. "ರಜೆಯನ್ನ ಇವತ್ತೇ ಬರವಣಿಗೆಯಲ್ಲಿ ಕೇಳು. ಎಚ್‌ಆರ್‌ನವರನ್ನೂ ಮೇಲಿನಲ್ಲಿ ಸೇರಿಸು."

ಅವಳು ಹಾಗೇ ಮಾಡಿದಳು. ಮುಂದಿನ ವಾರ ಮ್ಯಾನೇಜರ್ ನಿಜಕ್ಕೂ ಒಂದು ಮೇಲ್ ಹಾಕಿದರು, ಅವಳ ಕೆಲಸದಲ್ಲಿ ಗಮನ ಸಾಲದು ಎಂದು. ಅವಳು ಅವರ ಹಳೆಯ ಹೊಗಳಿಕೆಯನ್ನೆಲ್ಲ ಕೆಳಗೆ ಅಂಟಿಸಿ, ಈಗ ಯಾವ ಕೆಲಸ ಕೆಟ್ಟಿದೆ ತಿಳಿಸಬೇಕು ಎಂದು ವಿನಯವಾಗಿ ಉತ್ತರ ಬರೆದಳು. ಎಚ್‌ಆರ್‌ಗೂ ಹೋಯಿತು. ಆಮೇಲೆ ಅಂಥ ಮೇಲ್ ಬರಲಿಲ್ಲ. ರಜೆ ಸಿಕ್ಕಿತು, ಹೆಣ್ಣುಮಗು ಆಯಿತು, ವಾಪಸು ಬಂದಾಗ ಬೇರೆ ಟೀಮು ಕೇಳಿ ಪಡೆದಳು. ಮ್ಯಾನೇಜರಿಗೆ ಏನೂ ಆಗಲಿಲ್ಲ. ಅದೇ ಕುರ್ಚಿ, ಅದೇ "ನಮ್ಮ ಕಡೆಯವರು". ಮಗು ಹುಟ್ಟಿದ ದಿನ ಟೀಮಿನ ಗುಂಪಿನಲ್ಲಿ ಹೂಗುಚ್ಛದ ಚಿತ್ರ ಮೊದಲು ಹಾಕಿದವರೂ ಅವರೇ.

ನನ್ನ ಹೆಡ್‌ಫೋನಿನಿಂದ ಮ್ಯಾನೇಜರ ಫೋನಿನ ಜೋಡಣೆಯನ್ನು ಗಂಡ ಅಳಿಸಿಹಾಕಿದ, ಹೊಸ ಕುಶನ್ನೂ ತಂದು ಹಾಕಿದ. "ಈಗ ಹೊಸದೇ ಅಲ್ವಾ?" ಎಂದ. ಹಾಕಿಕೊಂಡು ನೋಡಿದೆ. ಹಾಡು ಶುರುವಾಗುವ ಮುಂಚಿನ ಆ ಒಂದು ಗಳಿಗೆಯ ಮೌನದಲ್ಲಿ ಎಲ್ಲಿ ಆ ನಗು ಬರುತ್ತದೋ ಎಂದು ಕೂಡಲೇ ತೆಗೆದೆ. ಅವನಿಗೇ ಕೊಟ್ಟುಬಿಟ್ಟೆ.

ಮತ್ತೆ ವೈರಿನದೇ ಕೊಳ್ಳೋಣ ಎಂದು ಪಲ್ಲಾವರಂ ಸಂತೆಗೆ ಹೋದೆ. ಅಲ್ಲಿ ಟಾರ್ಪಾಲಿನ ಮೇಲೆ ಹಳೆಯ ಇಯರ್‌ಫೋನುಗಳನ್ನು ನೂಡಲ್ಸಿನ ಹಾಗೆ ಗುಡ್ಡೆ ಹಾಕಿದ್ದರು. ಜಾಲರಿಯ ತೂತುಗಳಲ್ಲಿ ಯಾರ ಯಾರದೋ ಕಿವಿಯ ಹಳದಿ ಗುಗ್ಗೆ. ಒಬ್ಬಾತ ಒಂದೊಂದನ್ನೇ ಎತ್ತಿ ಕಿವಿಗೆ ತುರುಕಿಕೊಂಡು, ಕೇಳಿ, ಮತ್ತೆ ಗುಡ್ಡೆಗೆ ಎಸೆಯುತ್ತಿದ್ದ. ಅಲ್ಲಿ ನಿಲ್ಲಲಾಗಲಿಲ್ಲ. ರಸ್ತೆಯ ಆಚೆ ಬದಿಯ ಮೊಬೈಲ್ ಅಂಗಡಿಯಲ್ಲಿ ಸೀಲ್ ಒಡೆಯದ ಡಬ್ಬಿಯೇ ಬೇಕೆಂದು ಹಟ ಹಿಡಿದು ತೆಗೆದುಕೊಂಡೆ. ನನ್ನ ಫೋನಿಗೆ ಅದನ್ನು ಸಿಕ್ಕಿಸುವ ತೂತೇ ಇರಲಿಲ್ಲ. ನಡುವೆ ಹಾಕುವ ಗೇಣುದ್ದದ ವೈರನ್ನೂ ಕೊಂಡೆ.

ಟ್ರಾನ್ಸ್‌ಪೋರ್ಟಿನವರಿಗೆ ಹೇಳಿ ಕ್ಯಾಬನ್ನೂ ಬದಲಾಯಿಸಿಕೊಂಡೆ. ಈಗ ಬೆಳಗಿನ ಮೊದಲ ಗಾಡಿ ನನ್ನದು. ಅದರಲ್ಲಿ ಎಲ್ಲರೂ ಬಾಯಿ ತೆರೆದು ನಿದ್ದೆ ಮಾಡುತ್ತಾರೆ, ಒಬ್ಬರು ಶೂ ಬಿಚ್ಚುತ್ತಾರೆ. ಆಫೀಸಿನಲ್ಲಿ ನನ್ನ ಟೀಮಿನವರು ಇನ್ನೂ ಯಾರೂ ಬಂದಿರುವುದಿಲ್ಲ. ಕ್ಯಾಂಟೀನಿನಲ್ಲಿ ಕಾಫಿ ತೆಗೆದುಕೊಂಡು, ಕಿವಿಗೆ ವೈರು ಸಿಕ್ಕಿಸಿ, ಬಾಗಿಲಿಗೆ ಬೆನ್ನು ಹಾಕಿ ಕೂರುತ್ತೇನೆ.