ಡಾಕ್ಟರಮ್ಮನ ಶನಿವಾರದ ಪಾಠ

ಆ ಆಸ್ಪತ್ರೆಯಲ್ಲಿ ಮಕ್ಕಳ ತುರ್ತು ವಿಭಾಗ ಅಂದರೆ ಎರಡು ಮಂಚ, ಒಂದು ಆಕ್ಸಿಜನ್ ಸಿಲಿಂಡರ್, ಒಬ್ಬ ಕಿರಿಯ ಡಾಕ್ಟರ್, ಮತ್ತೆ ಡಾಕ್ಟರಮ್ಮ. ನಿವೃತ್ತಿ ಹತ್ತಿರ ಬಂದರೂ ಅವರ ಓದು ಮುಗಿದಿರಲಿಲ್ಲ. ನಿನ್ನೆ ಸರಿ ಅನಿಸಿಕೊಂಡ ಚಿಕಿತ್ಸೆ ಇವತ್ತು ತಪ್ಪು ಅನಿಸಿಕೊಳ್ಳುವ ಕೆಲಸ ಅದು. ರಜೆ ಹಾಕಿಯಾದರೂ ತರಬೇತಿಗೆ ಹೋಗಿ, ಪ್ಲಾಸ್ಟಿಕ್ ಗೊಂಬೆಯ ಎದೆ ಒತ್ತಿ ಕಲಿತು ಬರುತ್ತಿದ್ದರು.

"ನಿನ್ನ ಜೊತೆಯವರೆಲ್ಲ ಮೊಮ್ಮಕ್ಕಳನ್ನ ಆಡಿಸ್ತಿದಾರೆ, ನೀನಿನ್ನೂ ಗೊಂಬೆ ಆಡಿಸ್ತಿದೀಯ" ಅಂತ ಗಂಡ ಕಾಲೆಳೆಯುತ್ತಿದ್ದರು.

ಕಲಿತದ್ದನ್ನು ಶನಿವಾರ ಮಧ್ಯಾಹ್ನ ಆಸ್ಪತ್ರೆಯ ಉಳಿದವರಿಗೆ ಹೇಳಿಕೊಡುತ್ತಿದ್ದರು. ಒಂದು ಸಲ ಹೇಳಿದ್ದು ಆಟಿಕೆಯೊಳಗಿನ ಬಟನ್ ಬ್ಯಾಟರಿ ಬಗ್ಗೆ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಗಂಟೆಗಳಲ್ಲೇ ಸುಟ್ಟು ತೂತು ಮಾಡುತ್ತದೆ. ನುಂಗಿ ಹೆಚ್ಚು ಹೊತ್ತಾಗಿರದಿದ್ದರೆ, ವರ್ಷ ದಾಟಿದ ಮಗುವಿಗೆ ಜೇನುತುಪ್ಪ ಕೊಡುತ್ತಾ ದೊಡ್ಡಾಸ್ಪತ್ರೆಗೆ ಓಡಬೇಕು.

"ಇದು ನಮ್ಮಜ್ಜಿ ವೈದ್ಯ ಅಲ್ವಾ ಮೇಡಂ?" ಅಂದ ಕಿರಿಯ ಡಾಕ್ಟರ್. ಎಲ್ಲರೂ ನಕ್ಕರು, ಡಾಕ್ಟರಮ್ಮನೂ. ಅಷ್ಟರಲ್ಲಿ ಅವನಿಗೆ ವಾರ್ಡಿನಿಂದ ಕರೆ ಬಂತು, ಎದ್ದುಹೋದ. ನುಂಗಿದ್ದನ್ನು ಯಾರೂ ನೋಡಿರದಿದ್ದರೆ ಅನುಮಾನ ಪಡುವುದು ಹೇಗೆ ಅನ್ನುವ ಭಾಗ ಅವನ ಕಿವಿಗೆ ಬೀಳಲೇ ಇಲ್ಲ.

ಮುಂದಿನ ವಾರ ಒಬ್ಬ ತಾಯಿ ಪುಟ್ಟ ಮಗಳನ್ನು ಎತ್ತಿಕೊಂಡು ಬಂದಳು. ಮಗು ಜೊಲ್ಲು ಸುರಿಸುತ್ತಿತ್ತು, ತುತ್ತು ಇಳಿಯುತ್ತಿರಲಿಲ್ಲ. ಕಿರಿಯ ಡಾಕ್ಟರ್ ಗಂಟಲುನೋವು ಅಂದುಕೊಂಡು ಸಿರಪ್ ಕೊಟ್ಟು ಕಳಿಸಿದ. ಎರಡು ದಿನ ಬಿಟ್ಟು ಅವಳು ಮತ್ತೆ ಬಂದಾಗ ಸಿಕ್ಕಿದ್ದು ಡಾಕ್ಟರಮ್ಮ. ನೋಡಿದವರೇ ಎಕ್ಸ್‌ರೇ ತೆಗೆಸಿದರು. ಎದೆಯ ನಡುವೆ ದುಂಡಗೆ, ಎರಡು ಅಂಚಿನ ಬಿಳಿ ಬಿಲ್ಲೆ: ಬಟನ್ ಬ್ಯಾಟರಿ.

ಜೇನುತುಪ್ಪದ ಹೊತ್ತು ಮೀರಿಹೋಗಿತ್ತು. ಡಾಕ್ಟರಮ್ಮ ತಾವೇ ಆಂಬುಲೆನ್ಸ್ ಹತ್ತಿದರು. ದೊಡ್ಡಾಸ್ಪತ್ರೆಯವರು ಬ್ಯಾಟರಿ ತೆಗೆದರು. ತಾಯಿ ಕೈಮುಗಿದಾಗ, "ಒಳಗಿನ ಗಾಯ ಆರೋವರೆಗೂ ಏನೂ ಹೇಳಕ್ಕಾಗಲ್ಲಮ್ಮ" ಅಂದರು ಅಲ್ಲಿನ ಡಾಕ್ಟರು. ನಾಲ್ಕನೇ ದಿನ, ಹಾಸಿಗೆಯ ಮೇಲೆ ಕೂತು ಬಣ್ಣದ ಪೆನ್ಸಿಲಿನಲ್ಲಿ ಗೀಚುತ್ತಿದ್ದ ಮಗು ಇದ್ದಕ್ಕಿದ್ದಂತೆ ರಕ್ತ ಕಾರಿತು. ಉಳಿಸಿಕೊಳ್ಳಲಾಗಲಿಲ್ಲ.

ಕೆಲವು ದಿನಗಳ ಮೇಲೆ ತಾಯಿ ಡಾಕ್ಟರಮ್ಮನ ಕೋಣೆಗೆ ಬಂದಳು. ಕೂರಲಿಲ್ಲ.

"ಬ್ಯಾಟರಿ ಹೀಗೆ ಮಾಡತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ ಡಾಕ್ಟ್ರೇ?"

"ಗೊತ್ತಿತ್ತಮ್ಮ."

"ಮೊದಲ ದಿನ ನೋಡಿದ ಡಾಕ್ಟ್ರಿಗೆ?"

ಡಾಕ್ಟರಮ್ಮ "ಅರ್ಧ ಗೊತ್ತಿತ್ತು" ಅಂದರು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಲ್ಲಿ ಕಾಯುತ್ತಿದ್ದವರಿಗೆ ದಾರಿ ಬಿಟ್ಟು ಹೊರಟುಹೋದಳು.

ಕಿರಿಯ ಡಾಕ್ಟರ್ ದೊಡ್ಡವರ ವಾರ್ಡಿಗೆ ವರ್ಗ ಮಾಡಿಸಿಕೊಂಡ. ಡಾಕ್ಟರಮ್ಮ ಅವನನ್ನು ಕಾರಿಡಾರಿನಲ್ಲಿ ತಡೆದು ಹೇಳಿದರು: "ಹೋಗ್ಬೇಡ ಕಣಪ್ಪ. ಇನ್ಮುಂದೆ ಆ ಬಿಲ್ಲೆ ಬಗ್ಗೆ ನಿನ್ನಷ್ಟು ಬೇಗ ಅನುಮಾನ ಪಡೋರು ಇಲ್ಲಿ ಯಾರಿದಾರೆ ಹೇಳು?"

"ಮಕ್ಕಳನ್ನ ಮುಟ್ಟೋಕೇ ಧೈರ್ಯ ಬರಲ್ಲ ಮೇಡಂ" ಅಂದ ಅವನು, ತಲೆಯೆತ್ತದೆ.

ಅವನ ಜಾಗಕ್ಕೆ ಯಾರೂ ಬರಲಿಲ್ಲ.