ಪ್ರಳಯದ ಕಾರ್ಡು

ಮೊನ್ನೆ ಮಗಳು ಆಟದ ಕಾರ್ಡುಗಳ ಹೊಸ ಪೊಟ್ಟಣ ಹರಿದಾಗ ಬಂದ ಮಸಿ, ಮೇಣದ ವಾಸನೆಗೆ ನಾನೊಂದು ಕಾರ್ಡು ಎತ್ತಿ ಮೂಸಿ ನೋಡಿದೆ. ವಿನೋಬನಗರದ ಕ್ಯಾಸೆಟ್ ಅಂಗಡಿಯಲ್ಲಿ ಇದೇ ವಾಸನೆಯಿತ್ತು. ಅಂಗಡಿಯವರನ್ನು ನಾವೆಲ್ಲ ಕ್ಯಾಸೆಟ್ ಮಾಮ ಎನ್ನುತ್ತಿದ್ದೆವು.

ಸಿ.ಡಿ. ಬಂದು ಕ್ಯಾಸೆಟ್ ಕೇಳುವವರೇ ಇಲ್ಲವಾಗಿದ್ದ ಕಾಲ. ಮಾಮನ ಭಾವಮೈದುನ ದುಬೈಯಿಂದ ತಂದುಕೊಟ್ಟಿದ್ದ ಡಬ್ಬಿಯ ತುಂಬ ರಾಕ್ಷಸರು, ಡ್ರ್ಯಾಗನ್‌ಗಳು, ಮಂತ್ರವಾದಿಗಳ ಕಾರ್ಡು. ಕಾಲೇಜು ಮುಗಿಸಿ ಬರುವ ನನ್ನನ್ನು ಕೂರಿಸಿಕೊಂಡು ಆಡುತ್ತಿದ್ದರು. "ಬಾ ಮಾರಾಯ್ತಿ, ಇವತ್ತು ನಿನ್ನ ಸೈನ್ಯಕ್ಕೊಂದು ಗತಿ ಕಾಣಿಸ್ತೀನಿ" ಅನ್ನುವರು. ಬಾಯಿ ಮಾತ್ರ ಜೋರು, ಸೋಲುತ್ತಿದ್ದವರು ಅವರೇ.

ಆ ಡಬ್ಬಿಯಲ್ಲೊಂದು ಕಾರ್ಡಿತ್ತು. ಕಪ್ಪು ನೀರಿನಲ್ಲಿ ಮುಳುಗುತ್ತಿರುವ ಕೋಟೆಯ ಚಿತ್ರ. ಅದನ್ನು ಹಾಕಿದರೆ ಮೇಜಿನ ಮೇಲಿನ ಅಷ್ಟೂ ಸೈನ್ಯ ಸತ್ತಂತೆ, ಎದುರಾಳಿಯದೂ, ಹಾಕಿದವರದೂ. ನಾವದಕ್ಕೆ ಪ್ರಳಯ ಎಂದು ಹೆಸರಿಟ್ಟಿದ್ದೆವು. ಹಾಕಿದವರು ಮೊದಲು ಸ್ವಂತ ಕಾರ್ಡುಗಳನ್ನೇ ಎತ್ತಬೇಕೆಂಬ ನಿಯಮ ಮಾಮನದು. "ಮೊದ್ಲು ನಮ್ಮನೆ ಹೆಣ ಎತ್ಬೇಕು, ಆಮೇಲೆ ಬೇರೆಯವರದ್ದು" ಎಂದು ನಗುತ್ತಿದ್ದರು. ಎಷ್ಟು ಸೋತರೂ ಅದನ್ನು ಹಾಕಿದವರಲ್ಲ...

ಪಕ್ಕದ ಬೇಕರಿ ಅವರ ತಮ್ಮನದು. ಎರಡು ಮಳಿಗೆಯೂ ಅವರಪ್ಪ ಕಟ್ಟಿಸಿದ್ದು, ಇನ್ನೂ ಪಾಲಾಗಿರಲಿಲ್ಲ. ಮೂಲೆಯಲ್ಲಿದ್ದ ಬೇಕರಿಗೆ ವ್ಯಾಪಾರ ಜಾಸ್ತಿ. ಆ ಮಳಿಗೆ ಹಿರಿಯನಾದ ತನಗೇ ಬರಬೇಕೆಂದು ಮಾಮನ ಹಟ. ದಿನಾ ಬೆಳಿಗ್ಗೆ ಒಟ್ಟಿಗೆ ಚಹಾ ಕುಡಿಯುತ್ತಿದ್ದ ಅಣ್ಣತಮ್ಮಂದಿರು ಮಾತು ಬಿಟ್ಟರು.

ಒಂದು ಮಧ್ಯಾಹ್ನ ನಾವು ಆಡುತ್ತಿದ್ದಾಗ ತಮ್ಮ ಬಾಗಿಲಿಗೆ ಬಂದು ನಿಂತರು. ಕೈಗೆಲ್ಲ ಮೈದಾ ಹಿಟ್ಟು.

"ಅಣ್ಣ, ವಕೀಲರ ಹತ್ರ ಹೋಗಿದ್ಯಂತೆ. ಕೋರ್ಟಿನೋರು ಎರಡಕ್ಕೂ ಬೀಗ ಹಾಕಿಸ್ತಾರೆ. ಬೇಡ ಅಣ್ಣ."

ಮಾಮ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಪ್ರಳಯವನ್ನು ಮೇಜಿಗೆ ಬಡಿದು, ನನ್ನ ಕಾರ್ಡುಗಳನ್ನೆಲ್ಲ ಬಾಚಿ ಆಚೆ ತಳ್ಳಿದರು. ಸ್ವಂತದ್ದೊಂದನ್ನೂ ಮುಟ್ಟಲಿಲ್ಲ.

"ಮಾಮ, ನಿಮ್ಮವು?" ಎಂದೆ.

"ನನ್ನವು ಇರ್ತವೆ."

ತಮ್ಮ ಕೈಯ ಹಿಟ್ಟು ಕೊಡವಿಕೊಂಡು ಹೊರಟುಹೋದರು.

ದಸರಾ ಹೊತ್ತಿಗೆ ಎರಡೂ ಬಾಗಿಲಿಗೆ ಬೀಗ, ಅದರ ಮೇಲೆ ಕೋರ್ಟಿನ ಅರಗಿನ ಮೊಹರು. ತೀರ್ಪು ಬರುವ ತನಕ ಯಾರೂ ಒಳಗೆ ಕಾಲಿಡುವಂತಿಲ್ಲ. ಕೋರ್ಟಿಗೆ ಹೋದರೆ ಗೆದ್ದವ ಸೋತ, ಸೋತವ ಸತ್ತ ಅನ್ನುತ್ತಾರೆ. ಇಲ್ಲಿ ಗೆದ್ದವರೇ ಇಲ್ಲ. ತಮ್ಮ ಭದ್ರಾವತಿಗೆ ಹೋಗಿ ತಳ್ಳುಗಾಡಿಯಲ್ಲಿ ಬನ್ನು ಮಾರತೊಡಗಿದರು. ಮಾಮ ದಿನವೂ ಬಂದು, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಮಾತಾಡಿಸಿದರೆ ಎತ್ತಲೋ ನೋಡುವರು... ಒಂದು ದಿನ ಅಲ್ಲೇ ಒರಗಿ ತೀರಿಕೊಂಡರು. ಮೊಂಡ, ಹಟಮಾರಿ ಎಂದು ಬೈದುಕೊಂಡೇ ನಾನು ಅತ್ತಿದ್ದೆ. ಈಗಲೂ ಅವರ ಮೇಲೆ ಸಿಟ್ಟಿದೆ.

ಕೇಸು ಇನ್ನೂ ಮುಗಿದಿಲ್ಲ, ವಾಯಿದೆ ಮೇಲೆ ವಾಯಿದೆ. ಹೋದ ವಾರ ಭದ್ರಾವತಿಯಲ್ಲಿ ಆ ತಮ್ಮನನ್ನು ಕಂಡೆ. ತಲೆ ಪೂರ್ತಿ ನರೆತಿದೆ.

"ಇನ್ನಾದ್ರೂ ಅಣ್ಣನ ಮಕ್ಕಳ ಜೊತೆ ರಾಜಿ ಮಾಡ್ಕೊಂಡುಬಿಡಿ" ಎಂದೆ.

"ಮಾಡ್ಕೋಬಹುದಮ್ಮ" ಎಂದರು. "ಆಮೇಲೆ ಅಣ್ಣನ ಹೆಸರು ಕೂಗೋರು ಯಾರು? ಈಗ ವಾಯಿದೆಗೊಂದ್ಸಲ ಕೋರ್ಟಲ್ಲಾದ್ರೂ ಕೂಗ್ತಾರೆ."