ನೆಟ್ಟಿನ ಹತ್ತಿರ ಬೇವಿನ ಸೊಪ್ಪು

ನಮ್ಮೆಜಮಾನರ ಜೊತೆ ಟೆನಿಸ್ ಆಡುವುದೆಂದರೆ ಎರಡೆರಡು ಕೆಲಸ. ಚೆಂಡೂ ಹೊಡೆಯಬೇಕು, ನೆಟ್ಟಿನಾಚೆಯಿಂದ ಬರುವ ಉಪದೇಶವನ್ನೂ ಕೇಳಬೇಕು. "ಮಣಿಕಟ್ಟು ಬಗ್ಗಿಸ್ಬೇಡ ಕಣೆ!" "ಮೊದ್ಲು ಕಾಲೆತ್ತು!" ಎದುರಾಳಿಯೇ ಗುರುವಾಗಿ ನಿಂತರೆ ಶಿಷ್ಯೆ ಗೆಲ್ಲುವುದು ಯಾವ ಕಾಲಕ್ಕೆ? ಮದುವೆಯಾದಾಗಿನಿಂದ ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯ ಹಳೇ ಕೋರ್ಟಿನಲ್ಲಿ ಭಾನುವಾರ ಬಂದರೆ ಆಡುತ್ತಿದ್ದೇವೆ. ಒಂದು ಸೆಟ್ಟನ್ನೂ ನಾನು ಗೆದ್ದವಳಲ್ಲ. ಒಂದೇ ಒಂದು ಸಲ ಗೆದ್ದು ಆ ಬಾಯಿ ಮುಚ್ಚಿಸಬೇಕು ಅನ್ನುವುದು ನನ್ನ ಆಸೆ. ಅರಮನೆಯನ್ನೇನೂ ಕೇಳುತ್ತಿಲ್ಲ.

ಟಿವಿ ಮುಂದೆ ಕೂತರೂ ಇದೇ ಗೋಳು. ಯಾವಳೋ ಆಟಗಾರ್ತಿ ಹೊಡೆದದ್ದೆಲ್ಲ ಗೆರೆಯ ಮೇಲೇ ಬೀಳತೊಡಗಿದರೆ, "ಅವಳೀಗ ಝೋನ್‌ನಲ್ಲಿದಾಳೆ, ತಾನ್ಯಾರು ಅನ್ನೋದೇ ಮರೆತು ಆಡ್ತಿದಾಳೆ. ಅದೆಲ್ಲ ನಮ್ಮಂಥೋರಿಗೆ ಬರಲ್ಲ ಬಿಡು" ಎನ್ನುತ್ತಾರೆ. ನಮ್ಮಂಥೋರು ಅಂದರೆ ನಾನು.

ಹೋದ ಚಳಿಗಾಲದ ಒಂದು ಭಾನುವಾರ ಬೂದಿಕೋಟೆ ಕಡೆಯ ಹಳ್ಳಿಯಿಂದ ಅತ್ತೆ ಬಂದಿದ್ದರು. ನಾನೂ ಬತ್ತೀನಿ ಎಂದು ಹೊರಟರು. ಕೋರ್ಟಿನ ಪಕ್ಕದ ಬೇವಿನ ಮರದಡಿ ಅವರೆಕಾಯಿ ಸುಲಿಯುತ್ತ ಕೂತರು.

ಎರಡು-ಎರಡು ಸಮ ಇದ್ದಾಗ ಅದು ಶುರುವಾಯಿತು. ಚೆಂಡು ರಾಗಿಮುದ್ದೆಯಷ್ಟು ದಪ್ಪ ಕಾಣತೊಡಗಿತು. ಎಲ್ಲಿಗೆ ಓಡಬೇಕೆಂದು ನಾನು ಯೋಚಿಸುವ ಮೊದಲೇ ಕಾಲು ಅಲ್ಲಿರುತ್ತಿತ್ತು. ಮಣಿಕಟ್ಟು ಬಗ್ಗಿತೋ ಬಿಟ್ಟಿತೋ ಯಾರಿಗೆ ಗೊತ್ತು! ಆಚೆಗಡೆ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಆಮೇಲೆ ಆ ಬಾಯಿಯೂ ನಿಂತಿತು. ಐದು-ಎರಡು. ಇನ್ನೊಂದು ಗೇಮ್ ಬಂದರೆ ಸೆಟ್ಟು ನನ್ನದು. ಅದೂ ನನಗೆ ನೆನಪಿರಲಿಲ್ಲ, ಅಷ್ಟು ಸುಖವಾಗಿದ್ದೆ.

ಅತ್ತೆ ನೀರು ಕುಡಿ ಎಂದು ಕೂಗಿದರಂತೆ. ನಾನು ತಿರುಗಿ ನೋಡಲಿಲ್ಲ. ಕೂದಲು ಬಿಚ್ಚಿಹೋಗಿದೆ, ಕಣ್ಣು ನೆಟ್ಟಿದೆ, ಹೊಡೆದಾಗೆಲ್ಲ ಹೂಂಕರಿಸುತ್ತಿದ್ದೇನೆ. ಅವರೂರಿನಲ್ಲಿ ಇದಕ್ಕೆ ಒಂದೇ ಅರ್ಥ. ಮೈಮೇಲೆ ಬಂದಿದೆ! ಚಪ್ಪಲಿ ಬಿಟ್ಟು, ಬೇವಿನ ಸೊಪ್ಪು ಮುರಿದುಕೊಂಡು, ಆಟದ ನಡುವೆಯೇ ಕೋರ್ಟಿಗೆ ನುಗ್ಗಿ ನನ್ನ ಮುಖಕ್ಕೆ ನೀರು ಚಿಮುಕಿಸಿ ಕೈಮುಗಿದರು.

"ಯಾರು ತಾಯಿ ನೀನು? ಯಾಕ್ ಬಂದಿದೀಯ? ಏನ್ ಬೇಕೋ ಕೇಳು, ಮಾಡ್ತೀವಿ. ಮೊಗೀನ ಬಿಟ್ಟು ಓಗವ್ವ."

ಚೆಂಡು ನನ್ನ ಪಕ್ಕದಲ್ಲೇ ಹಾದುಹೋಯಿತು. ಬಾಯಿಗೆ ಬೀಗ ಹಾಕಿಕೊಂಡಿರಬೇಕಿತ್ತು. ಆದರೆ ಯಾರೆಂದು ಕೇಳಿದರೆ ಹೇಳದೆ ಇರುವುದು ಹೇಗೆ?

"ಅಯ್ಯೋ, ನಾನೇ ಅತ್ತೆ! ನಿಮ್ ಸೊಸೆ!"

ಮುಗಿಯಿತು. ಸೊಸೆ ಎಂದದ್ದೇ ತಡ, ರ‍್ಯಾಕೆಟ್ಟು ಒನಕೆಯಷ್ಟು ಭಾರವಾಯಿತು. ಚೆಂಡು ನಿಂಬೆಕಾಯಿಯಷ್ಟಾಯಿತು. ಮಧ್ಯಾಹ್ನದ ಸಾರಿಗೆ ಅವರೆಕಾಳು ಸಾಕಾಗುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ ಹತ್ತಿತು. ಐದು-ಎರಡು ಇದ್ದದ್ದು ಐದು-ಏಳಾಗಿ ಸೋತೆ. ಇವರು ಕೈಕುಲುಕುತ್ತ, "ಕೊನೇಲಿ ಮಣಿಕಟ್ಟು ಬಗ್ಗಿಸ್ಬಿಟ್ಟೆ" ಎಂದರು. ಮೈಯೆಲ್ಲ ಉರಿದುಹೋಯಿತು.

ಬಂಗಾರಪೇಟೆಯ ಮನೆಗೆ ಬಂದ ಮೇಲೂ ಅತ್ತೆಯ ಮೇಲಿನ ಸಿಟ್ಟು ಇಳಿಯಲಿಲ್ಲ. ಒಲೆಯ ಮುಂದೆ ಪಾತ್ರೆ ಕುಕ್ಕುತ್ತಿದ್ದೆ. ಅವರು ಅಡುಗೆಮನೆಗೆ ಬಂದು, ಮಗ ಹೊರಗೆ ಪೇಪರ್ ಓದುತ್ತಿರುವುದನ್ನು ನೋಡಿಕೊಂಡು, ದನಿ ತಗ್ಗಿಸಿದರು.

"ಏನೇ ಅನ್ನು ಕಣಮ್ಮಿ, ಆಯಮ್ಮ ಬಂದಿದ್ದಾಗ ನನ್ ಮಗನ್ ಬಾಯಿ ಕಟ್ಟೋಗಿತ್ತು. ಉಟ್ಟಿದಾಗಿಂದ ಅವ್ನು ಅಷ್ಟೊತ್ತು ಸುಮ್ಕಿದ್ದಿದ್ದು ನಾನ್ ಕಂಡಿಲ್ಲ. ಇನ್ನೊಂದ್ ಕಿತ ಬಂದ್ರೆ ನಾನ್ ಮಾತಾಡ್ಸಲ್ಲ."

ಈಗ ಅತ್ತೆ ಊರಿನಿಂದ ಬಂದಾಗಲೆಲ್ಲ ತಪ್ಪದೆ ಕೋರ್ಟಿಗೆ ಬರುತ್ತಾರೆ. ಬೇವಿನ ಮರದಡಿ ತುಟಿ ಬಿಗಿದು ಕೂತು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾರೆ. ಆಚೆಗಡೆಯಿಂದ ಮಣಿಕಟ್ಟು, ಕಾಲು ಎಲ್ಲ ಬರುತ್ತಲೇ ಇದೆ. ಬರಬೇಕಾದವಳು ಮಾತ್ರ ಬಂದಿಲ್ಲ.